ಹೃದ್ರೋಗಿಯ ಸಮ್ಮತಿ

ಹೃದಯಾಘಾತವಾದೊಡನೆ ನೀಡುವ ಆಸ್ಪಿರಿನ್ ಗುಳಿಗೆಯು ಬಲು ಅಗ್ಗದ್ದು. ಅದರ ಗುಣವು ಸಿದ್ಧಪಟ್ಟುದು 17,187 ರೋಗಿಗಳು ಒಳಗಾದ ‘ಐಸಿಸ್-2’ ಪ್ರಯೋಗದಿಂದ (1988). ಆಸ್ಪಿರಿನ್ ಮತ್ತು ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಎರಡನ್ನೂ ಪಡೆದವರಲ್ಲಿ ಐದು ವಾರಗಳೊಳಗೆ ನೂರಕ್ಕೆ 8 ಮಂದಿ ಮಡಿದರು. ಹುಸಿಮದ್ದನ್ನಷ್ಟೇ ಪಡೆದವರಲ್ಲಿ 13. ಇದು ಅನ್ಯಾಯವೆಂದು ಕೆಲವರಿಗೆ ತೋರಬಹುದು. ಆದರೆ ಆ ಮದ್ದುಗಳ ಫಲವು ಅಂದು ವೈದ್ಯರಿಗೇ ನಿಶ್ಚಯವಿರಲಿಲ್ಲ. ಮಡಿದವರ ಲೆಕ್ಕವೇ ಅದನ್ನು ತಿಳಿಸಿತು.

ಆಕ್ಷೇಪಿಸಬೇಕಾದುದು ಬೇರೆಯಿದೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಮ್ಮತಿ ಪಡೆಯಬೇಕೆಂದೂ, ಅವನು ಯಾವಾಗಲಾದರೂ ಹಿಂದೆಗೆಯಬಹುದೆಂದೂ ಭಾರತದ 2019ರ ನಿಯಮಗಳು ವಿಧಿಸುತ್ತವೆ. ಎದೆನೋವಿನವನ ಮುಂದೆ ಹತ್ತಾರು ಪುಟಗಳನ್ನಿರಿಸಿ ಹೆಬ್ಬೆಟ್ಟೊತ್ತಿಸಿಕೊಂಡರೆ ಅದು ಸಮ್ಮತಿಯಾದೀತೆ? ತುರ್ತಿನ ಮಾತು ಬೇರೆ. ವರ್ಷಗಟ್ಟಲೆ ಸಾಗುವ ಪ್ರಯೋಗಗಳಲ್ಲಾದರೂ ಆ ಕಾಗದವನ್ನು ಮನೆಗೊಯ್ದು, ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿ ಕೇಳಲು ಅವನಿಗೆ ಎರಡು ದಿನಗಳ ಬಿಡುವು ದೊರೆಯಬೇಕು; ಆ ಮೊಮ್ಮಗಳಿಗೆ ಅರ್ಥವಾಗುವ ಕನ್ನಡದಲ್ಲಿ ಅದು ಇರಬೇಕು.