ಕನ್ನಡ ಎಂ.ಎ. ಆದ ಮೇಲೆ: ಬೇಗೂರಿನ ನೆಲೆಯಿಂದ ಕೆಲವು ವಿಚಾರಗಳು

೧

ಕನ್ನಡ ಎಂ.ಎ. ಮುಗಿಸಿದವರು ಮುಂದೆ ಏನಾಗುತ್ತಾರೆ? ಈ ಪ್ರಶ್ನೆಯನ್ನು ಕನ್ನಡ ವಿಭಾಗಗಳು ತಮಗೆ ತಾವೇ ಕೇಳಿಕೊಂಡದ್ದು ಕಡಿಮೆ. ಪಠ್ಯಕ್ರಮ ಪರಿಷ್ಕರಣೆಯ ಸಭೆಗಳಲ್ಲಿ ಯಾವ ಕಾವ್ಯವನ್ನು ಇಡಬೇಕು, ಯಾವುದನ್ನು ಬಿಡಬೇಕು, ಸಂಸ್ಕೃತಿ ಅಧ್ಯಯನಕ್ಕೆ ಎಷ್ಟು ಸ್ಥಾನ ಕೊಡಬೇಕು ಎಂಬುದರ ಬಗ್ಗೆ ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆ ಕಾವ್ಯವನ್ನು ಓದಿ ಹೊರಟುಹೋದ ವಿದ್ಯಾರ್ಥಿ ಈಗ ಎಲ್ಲಿದ್ದಾನೆ, ಯಾವ ಕೆಲಸ ಮಾಡುತ್ತಿದ್ದಾಳೆ ಎಂಬುದು ಚರ್ಚೆಯ ವಿಷಯವೇ ಆಗುವುದಿಲ್ಲ. ಉಪನ್ಯಾಸಕರಾದವರು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಾರೆ. ಅವರು ವಿಚಾರಸಂಕಿರಣಗಳಿಗೆ ಬರುತ್ತಾರೆ, ಮೌಲ್ಯಮಾಪನಕ್ಕೆ ಬರುತ್ತಾರೆ, ಇಂತಹ ಪತ್ರಿಕೆಗಳಿಗೆ ಬರೆಯುತ್ತಾರೆ. ಉಳಿದವರು ನಮ್ಮ ಲೆಕ್ಕದಿಂದಲೇ ಹೊರಗುಳಿದಿದ್ದಾರೆ.

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಬೇಗೂರಿನಲ್ಲಿ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಶಾಸನ ನಮಗೆಲ್ಲ ಪರಿಚಿತವಾದುದು. ಸುಮಾರು ಕ್ರಿ.ಶ. ೮೯೦ರದೆಂದು ವಿದ್ವಾಂಸರು ಗುರುತಿಸಿರುವ ಈ ಶಾಸನದಲ್ಲಿ ಬೆಂಗಳೂರು ಕಾಳಗದ ಉಲ್ಲೇಖವಿದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯಿಂದ ಊರಿನ ಹೆಸರನ್ನು ನಿಷ್ಪತ್ತಿ ಮಾಡುವವರಿಗೆ ಈ ಒಂದು ಕಲ್ಲು ಸಾಕಾದ ಉತ್ತರ. ಆ ದೊರೆಗಿಂತ ಸುಮಾರು ಮೂರು ಶತಮಾನ ಮೊದಲೇ ಹೆಸರು ಕಲ್ಲಿನ ಮೇಲಿತ್ತು. ಬೇಗೂರಿನದೇ ಆದ ಮತ್ತೊಂದು ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಎರೆಯಪ್ಪನ ಪರವಾಗಿ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಹೋರಾಡಿ ನಾಗತ್ತರ ಮಡಿದದ್ದು, ಆ ಬಳಿಕ ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟದ್ದು ಅದರ ವಿಷಯ. ತೆರವಾದ ಸ್ಥಾನವೊಂದನ್ನು ತಡವಿಲ್ಲದೆ ತುಂಬಿದ ದಾಖಲೆ ಅದು ಎಂದು ತರಗತಿಯಲ್ಲಿ ನಾನು ಹಾಸ್ಯ ಮಾಡುತ್ತಿದ್ದೆ. ಎದುರಿಗೆ ಕುಳಿತವರಲ್ಲಿ ಬಹುಪಾಲು ಜನ ಅಂತಹ ತೆರವಾದ ಸ್ಥಾನಕ್ಕಾಗಿಯೇ ಕಾಯಲು ಹೊರಟವರು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

೨

ಕನ್ನಡ ಎಂ.ಎ. ಎಂದರೆ ಕನ್ನಡ ಅಧ್ಯಾಪಕ ಎಂಬ ಸಮೀಕರಣ ಮೊದಲಿನಿಂದ ಇದ್ದುದಲ್ಲ. ಕನ್ನಡದಲ್ಲಿ ಎಂ.ಎ. ಪದವಿ ಪಡೆದ ಮೊದಲಿಗರೆಂದು ಹೆಸರಾದ ಆರ್. ನರಸಿಂಹಾಚಾರ್ಯರ ವೃತ್ತಿಜೀವನದ ಮುಖ್ಯ ಭಾಗ ಕಳೆದದ್ದು ಮೈಸೂರು ಪುರಾತತ್ತ್ವ ಇಲಾಖೆಯಲ್ಲಿ. ಬಿ.ಎಲ್. ರೈಸ್ ಅವರ ನಂತರ ಅವರು ಆ ಇಲಾಖೆಯ ಹೊಣೆ ಹೊತ್ತರು. ಶಾಸನ, ಓಲೆಗರಿ, ದೇವಾಲಯಗಳ ನಡುವೆ ಓಡಾಡುತ್ತಲೇ ಮೂರು ಸಂಪುಟಗಳ ‘ಕರ್ಣಾಟಕ ಕವಿಚರಿತೆ’ಯನ್ನು ಸಿದ್ಧಪಡಿಸಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು ೧೯೨೭ರಲ್ಲಿ. ಅಲ್ಲಿ ಓದಿದ ಕುವೆಂಪು ೧೯೨೯ರಲ್ಲಿ ಪದವಿ ಪಡೆದು ಆ ವರ್ಷವೇ ಅಧ್ಯಾಪಕರಾದರು. ಆದರೆ ಅವರ ಸಹಪಾಠಿ ಡಿ.ಎಲ್. ನರಸಿಂಹಾಚಾರ್ಯರು ಕೆಲವು ವರ್ಷ ಪ್ರಾಚ್ಯಕೋಶಾಗಾರದಲ್ಲಿ ಕೆಲಸ ಮಾಡಿ ಆಮೇಲೆ ತರಗತಿಗೆ ಬಂದರು. ಅವರ ಗ್ರಂಥಸಂಪಾದನೆಯ ಶಿಸ್ತಿಗೆ ಆ ವರ್ಷಗಳ ಕೊಡುಗೆ ದೊಡ್ಡದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ೧೯೯೫ರಲ್ಲಿ ಪೂರ್ಣಗೊಳ್ಳುವವರೆಗೆ ಅದೂ ಕನ್ನಡ ಬಲ್ಲವರ ದುಡಿಮೆಯ ಒಂದು ನೆಲೆಯಾಗಿತ್ತು.

ಸಮೀಕರಣ ಗಟ್ಟಿಯಾದದ್ದು ಕಾಲೇಜುಗಳು ಹೆಚ್ಚಿದ ಕಾಲದಲ್ಲಿ. ೧೯೬೪ರಲ್ಲಿ ಬೆಂಗಳೂರು, ೧೯೮೦ರಲ್ಲಿ ಗುಲ್ಬರ್ಗಾ ಮತ್ತು ಮಂಗಳೂರು, ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಪದವಿಪೂರ್ವ ಮತ್ತು ಪದವಿ ಕಾಲೇಜುಗಳು ತಾಲ್ಲೂಕು ಕೇಂದ್ರಗಳನ್ನು ಮುಟ್ಟಿದವು. ಎಲ್ಲೆಡೆ ಕನ್ನಡ ಬೋಧಿಸುವವರು ಬೇಕಾಗಿದ್ದರು. ನನ್ನ ತಲೆಮಾರಿನವರು ಆ ಬೇಡಿಕೆಯ ಫಲಾನುಭವಿಗಳು. ನಮಗೆ ದೊರೆತ ದಾರಿಯನ್ನೇ ಸಹಜವಾದ ದಾರಿ ಎಂದು ನಂಬಿ ಪಠ್ಯಕ್ರಮವನ್ನು ಅದಕ್ಕೆ ತಕ್ಕಂತೆ ರೂಪಿಸಿದೆವು. ಇಂದಿಗೂ ನಮ್ಮ ಎಂ.ಎ. ಪಠ್ಯಕ್ರಮ ಮುಂದೊಂದು ದಿನ ಅದೇ ಪಠ್ಯವನ್ನು ಬೋಧಿಸುವವನನ್ನು ಮನಸ್ಸಿನಲ್ಲಿಟ್ಟುಕೊಂಡು ರಚನೆಯಾದದ್ದು.

ಆ ಬೇಡಿಕೆ ಈಗ ಯಾವ ಸ್ಥಿತಿಯಲ್ಲಿದೆ? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ೨೦೨೧ರಲ್ಲಿ ಅಧಿಸೂಚನೆ ಹೊರಟು ೨೦೨೨ರ ಮಾರ್ಚಿಯಲ್ಲಿ ಪರೀಕ್ಷೆ ನಡೆಯಿತು. ಎಲ್ಲ ವಿಷಯಗಳೂ ಸೇರಿ ಹುದ್ದೆಗಳು ೧,೨೪೨. ಅದೇ ಹೊತ್ತಿಗೆ ಆ ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದ ಅತಿಥಿ ಉಪನ್ಯಾಸಕರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. ೨೦೨೨ರ ಜನವರಿಯವರೆಗೆ ಯುಜಿಸಿ ನಿಗದಿಪಡಿಸಿದ ಅರ್ಹತೆ ಇದ್ದವರಿಗೆ ತಿಂಗಳಿಗೆ ೧೩,೦೦೦, ಇಲ್ಲದವರಿಗೆ ೧೧,೦೦೦ ರೂಪಾಯಿ ಗೌರವಧನವಿತ್ತು. ದೀರ್ಘ ಹೋರಾಟದ ನಂತರ ಅದನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ ೨೬,೦೦೦ದಿಂದ ೩೨,೦೦೦ ರೂಪಾಯಿಗಳವರೆಗೆ ಏರಿಸಲಾಯಿತು. ಜೊತೆಗೆ ವಾರದ ಕಾರ್ಯಭಾರವನ್ನು ಎಂಟು-ಹತ್ತು ಗಂಟೆಗಳಿಂದ ಹದಿನೈದು ಗಂಟೆಗಳಿಗೆ ಹೆಚ್ಚಿಸಲಾಯಿತು. ಲೆಕ್ಕ ಸರಳವಾದದ್ದು. ಎಂಟೆಂಟು ಗಂಟೆಗಳಂತೆ ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರ ಪಾಲಾಯಿತು. ಗೌರವಧನ ಹೆಚ್ಚಿದ ಸುದ್ದಿ ಓದಿ ನಾವು ಸಂತೋಷಪಟ್ಟೆವು. ಆ ಇಬ್ಬರಲ್ಲಿ ಹೊರಗೆ ಹೋದವರು ಯಾರು ಎಂದು ಕೇಳಲಿಲ್ಲ. ೨೦೨೧-೨೨ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿಯ ರಚನೆ ಬದಲಾಯಿತು; ೨೦೨೪-೨೫ರಲ್ಲಿ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪ್ರತಿಯೊಂದು ಬದಲಾವಣೆಯಲ್ಲಿಯೂ ಭಾಷಾ ಪತ್ರಿಕೆಯ ಗಂಟೆಗಳ ಲೆಕ್ಕ ಹೊಸದಾಗಿ ನಡೆಯುತ್ತದೆ. ಖಾಯಂ ಅಧ್ಯಾಪಕರಿಗೆ ಅದು ವೇಳಾಪಟ್ಟಿಯ ಪ್ರಶ್ನೆ, ಅತಿಥಿ ಉಪನ್ಯಾಸಕರಿಗೆ ಅನ್ನದ ಪ್ರಶ್ನೆ.

೩

ಎರಡು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಬೇಗೂರಿಗೆ ಕರೆದುಕೊಂಡು ಹೋಗಿದ್ದಾಗ ಹಳೆಯ ವಿದ್ಯಾರ್ಥಿಗಳು ನಾಲ್ವರು ಅಲ್ಲಿ ಸೇರಿದರು. ಜಯನಗರ, ಬಿಟಿಎಂ ಬಡಾವಣೆಗಳ ಬಾಡಿಗೆ ಕೈಗೆಟುಕದೆ ಬೇಗೂರು, ಬೊಮ್ಮನಹಳ್ಳಿಗಳ ಕಡೆ ಮನೆ ಮಾಡಿಕೊಂಡವರು. ಎಲ್ಲರೂ ಪ್ರಥಮ ದರ್ಜೆಯಲ್ಲಿ ಎಂ.ಎ. ಮುಗಿಸಿದವರು.

ಒಬ್ಬಾಕೆ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ೨೦೧೫ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದಾಗಿ ಕೇಂದ್ರ ಪಠ್ಯಕ್ರಮದ ಶಾಲೆಗಳಿಗೂ ಕನ್ನಡ ಶಿಕ್ಷಕರು ಬೇಕಾಗಿದ್ದಾರೆ. ಆದರೆ ಮನೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಕನ್ನಡವನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಹೇಗೆ ಕಲಿಸಬೇಕು ಎಂಬುದನ್ನು ನಮ್ಮ ಎರಡು ವರ್ಷಗಳ ವ್ಯಾಸಂಗದಲ್ಲಿ ಆಕೆ ಒಂದು ದಿನವೂ ಕಲಿತಿರಲಿಲ್ಲ. ಮತ್ತೊಬ್ಬ ಪ್ರಥಮ ದರ್ಜೆ ಸಹಾಯಕನಾಗಿ ಸರ್ಕಾರಿ ಕಚೇರಿಯಲ್ಲಿದ್ದಾನೆ. ನಮ್ಮ ವಿಭಾಗಗಳ ಮಾತಿನಲ್ಲಿ ಅವನು ‘ಸಾಹಿತ್ಯ ಬಿಟ್ಟುಹೋದವನು’. ಕಡತದ ಕನ್ನಡವನ್ನು ಜನರಿಗೆ ಅರ್ಥವಾಗುವಂತೆ ಬರೆಯಲು ಅವನು ಪಡುತ್ತಿರುವ ಪಾಡನ್ನು ಕೇಳಿದಾಗ, ಬಿಟ್ಟುಹೋದವರು ಯಾರು ಎಂಬ ಅನುಮಾನ ನನಗೆ ಬಂದಿತು. ಮೂರನೆಯವನು ಎರಡು ಕಾಲೇಜುಗಳ ನಡುವೆ ಓಡಾಡುವ ಅತಿಥಿ ಉಪನ್ಯಾಸಕ. ಕೆ-ಸೆಟ್ ತೇರ್ಗಡೆಯಾಗಿದ್ದಾನೆ, ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದಾನೆ, ವಯಸ್ಸು ಮೂವತ್ತೇಳು.

ನಾಲ್ಕನೆಯವಳ ಕೆಲಸ ನನಗೆ ಹೊಸದು. ಮೊಬೈಲಿನಲ್ಲಿ ಬರುವ ಸೂಚನೆಗಳನ್ನು ಆಕೆ ಕನ್ನಡಕ್ಕೆ ತರುತ್ತಾಳೆ, ಯಂತ್ರ ಮಾಡಿದ ಅನುವಾದವನ್ನು ತಿದ್ದುತ್ತಾಳೆ, ಪದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಹಣ ಪಡೆಯುತ್ತಾಳೆ. ಆಕೆ ಹೇಳಿದ ಒಂದು ಮಾತು ಇಡೀ ವಿಚಾರಸಂಕಿರಣಕ್ಕೆ ಸಮ. “ಸರ್, ಯಾವ ಹೆಸರು ಬಂದರೂ ‘ಗೆ’ ಸೇರಿಸಿದರೆ ಆಯಿತು ಅಂತ ಯಂತ್ರ ತಿಳಿದಿರುತ್ತದೆ. ಸೀತೆಗೆ ಸರಿ. ಗುರುವಿಗೆ, ರಾಮನಿಗೆ, ಊರಿಗೆ ಅನ್ನುವಲ್ಲಿ ನಡುವೆ ಬರುವುದು ಏನು, ಯಾಕೆ ಬರುತ್ತದೆ ಅಂತ ಅವರಿಗೆ ನಿಯಮ ಮಾಡಿ ಕೊಡಬೇಕು. ಆಗ ಕೇಶಿರಾಜನ ನೆನಪಾಗುತ್ತದೆ. ನಾವು ಓದುವಾಗ ಅವನು ಎಂಟು ಅಂಕದ ಟಿಪ್ಪಣಿ ಅಷ್ಟೇ.”

ಈ ಮಾತಿನಲ್ಲಿ ದೂರೂ ಇದೆ, ದಾರಿಯೂ ಇದೆ. ಉದ್ಯೋಗದ ಪ್ರಶ್ನೆ ಎತ್ತಿದ ಕೂಡಲೇ ಹಳಗನ್ನಡವನ್ನು ಕಡಿತಗೊಳಿಸಿ ‘ಮಾಧ್ಯಮ ಮತ್ತು ಕನ್ನಡ’, ‘ಸಂವಹನ ಕೌಶಲ’ ಎಂಬ ಪತ್ರಿಕೆಗಳನ್ನು ತುರುಕುವುದು ನಮ್ಮಲ್ಲಿ ರೂಢಿಯಾಗಿದೆ. ಆ ಪತ್ರಿಕೆಗಳಲ್ಲಿಯೂ ನಾವು ಕಲಿಸುವುದು ಮಾಧ್ಯಮದ ಸ್ವರೂಪ ಮತ್ತು ಲಕ್ಷಣಗಳನ್ನೇ, ಬರೆಯುವುದನ್ನಲ್ಲ. ಆಕೆಗೆ ಕೊರತೆಯಾದದ್ದು ಹಳಗನ್ನಡವಲ್ಲ, ವ್ಯಾಕರಣವೂ ಅಲ್ಲ. ಕಲಿತದ್ದನ್ನು ಒಂದು ಭಾಷಾ ಸಮಸ್ಯೆಯ ಮೇಲೆ ಪ್ರಯೋಗಿಸಿ ನೋಡುವ ಅವಕಾಶವನ್ನು ನಾವು ಕೊಟ್ಟಿರಲಿಲ್ಲ.

೪

ಇದಕ್ಕೆ ಬೇಗೂರಿನ ಕಲ್ಲೇ ಇನ್ನೊಂದು ನಿದರ್ಶನ. ಬೆಂಗಳೂರಿನ ಶಾಸನಗಳನ್ನು ಹುಡುಕಿ, ಉಳಿಸಿ, ಮೂರು ಆಯಾಮಗಳ ಗಣಕ ಪ್ರತಿಗಳನ್ನಾಗಿ ಕಾಪಿಡುವ ಕೆಲಸ ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ೧೯೦೯ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಅದಕ್ಕೆ ಆಸರೆಯಾಯಿತು. ಇದಕ್ಕೆ ಚಾಲನೆ ನೀಡಿದವರಲ್ಲಿ ಎಂಜಿನಿಯರುಗಳಿದ್ದರು, ಆಸಕ್ತ ನಾಗರಿಕರಿದ್ದರು. ೧೯೦೫ರಲ್ಲಿ ರೈಸ್ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಸಂಪುಟವನ್ನು ಕೈಯಲ್ಲಿ ಹಿಡಿದು ಅವರು ಊರೂರು ಅಲೆದರು. ಅವರ ಶ್ರಮ ಮೆಚ್ಚಬೇಕಾದದ್ದು. ಆದರೆ ಶಾಸನಶಾಸ್ತ್ರವನ್ನು ದಶಕಗಳಿಂದ ಪತ್ರಿಕೆಯಾಗಿ ಬೋಧಿಸುತ್ತಿರುವ ನಾವು ಆಗ ಎಲ್ಲಿದ್ದೆವು? ನಮ್ಮ ವಿದ್ಯಾರ್ಥಿ ಶಾಸನಗಳ ಮಹತ್ವದ ಬಗ್ಗೆ ನಾಲ್ಕು ಪುಟ ಬರೆಯಬಲ್ಲ. ಹತ್ತನೆಯ ಶತಮಾನದ ಒಂದು ಸಾಲನ್ನು ಕಲ್ಲಿನ ಮೇಲಿಂದ ಓದಲಾರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ವಿಶ್ವವಿದ್ಯಾಲಯ ಉದ್ಯೋಗ ವಿನಿಮಯ ಕೇಂದ್ರವಲ್ಲ. ಸಾಹಿತ್ಯದ ಓದು ಸಂಬಳಕ್ಕಾಗಿ ಅಲ್ಲ. ಜಾಗತೀಕರಣದ ಮಾರುಕಟ್ಟೆಗೆ ಮಾನವಿಕಗಳನ್ನು ಒಪ್ಪಿಸಬಾರದು. ಈ ಮಾತನ್ನು ನಾನು ಒಪ್ಪುತ್ತೇನೆ, ಬಹಳ ವರ್ಷ ಆಡಿದ್ದೇನೆ ಕೂಡ. ಆದರೆ ಅದನ್ನು ಆಡುವವರೆಲ್ಲ ತಿಂಗಳ ಕೊನೆಯಲ್ಲಿ ಸಂಬಳ ಪಡೆಯುವವರು ಎಂಬುದನ್ನು ಮರೆಯಬಾರದು. ನಮ್ಮ ತರಗತಿಗಳಿಗೆ ಬರುವವರಲ್ಲಿ ಹೆಚ್ಚಿನವರು ಗ್ರಾಮೀಣ ಹಿನ್ನೆಲೆಯ, ದಲಿತ ಮತ್ತು ಹಿಂದುಳಿದ ಸಮುದಾಯಗಳ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡ ಯುವಕ ಯುವತಿಯರು. ಎಂ.ಎ.ಯ ಎರಡು ವರ್ಷ, ಬಿ.ಇಡಿ. ಅಥವಾ ಪಿಎಚ್.ಡಿ.ಯ ಮತ್ತಷ್ಟು ವರ್ಷಗಳು ಆ ಕುಟುಂಬಗಳ ದುಡಿಮೆಯಿಂದ ಕಡಿತವಾದ ವರ್ಷಗಳು. ಪ್ರವೇಶದ ಸಮಯದಲ್ಲಿ ಸೀಟುಗಳು ತುಂಬಲೆಂದು ‘ಕನ್ನಡ ಓದಿದವರಿಗೆ ಅವಕಾಶಗಳು ಬೇಕಾದಷ್ಟಿವೆ’ ಎಂದು ಹೇಳಿದವರಲ್ಲಿ ನಾನೂ ಒಬ್ಬ. ಎಲ್ಲಿ, ಎಷ್ಟು ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ವಿಭಾಗ ಉಳಿಯಬೇಕೆಂಬ ಕಾಳಜಿಯಿಂದಲೇ ಆಡಿದ ಮಾತು ಅದು. ಆದರೂ ಅದು ಪ್ರಾಮಾಣಿಕವಾದ ಮಾತಲ್ಲ. ಪಿಎಚ್.ಡಿ.ಯನ್ನು ಕೆಲಸ ಸಿಗುವವರೆಗಿನ ತಂಗುದಾಣವನ್ನಾಗಿ ಮಾಡಿರುವುದರಲ್ಲಿಯೂ ನಮ್ಮ ಪಾಲಿದೆ. ಸಂಶೋಧನೆಯ ಗುಣಮಟ್ಟ ಕುಸಿದಿದೆ ಎಂದು ಹಳಹಳಿಸುವ ಮೊದಲು, ಸಂಶೋಧಕ ಯಾಕಾಗಿ ಬಂದಿದ್ದಾನೆ ಎಂದು ಕೇಳಿಕೊಳ್ಳಬೇಕು.

೫

ಪರಿಹಾರಗಳೆಲ್ಲ ನಮ್ಮ ಕೈಯಲ್ಲಿಲ್ಲ. ಖಾಲಿ ಹುದ್ದೆ ತುಂಬಬೇಕಾದದ್ದು ಸರ್ಕಾರ. ಅದಕ್ಕಾಗಿ ಒತ್ತಾಯಿಸುವಾಗ ಖಾಯಂ ಅಧ್ಯಾಪಕರು ಅತಿಥಿ ಉಪನ್ಯಾಸಕರ ಪಕ್ಕದಲ್ಲಿ ನಿಲ್ಲಬೇಕು. ವಿಭಾಗದ ಮಟ್ಟದಲ್ಲಿ, ಯಾರ ಅನುಮತಿಗೂ ಕಾಯದೆ ಮಾಡಬಹುದಾದ ಕೆಲಸಗಳು ಮೂರು. ಮೊದಲನೆಯದು, ಪ್ರತಿಯೊಂದು ಕನ್ನಡ ವಿಭಾಗವೂ ಕಳೆದ ಹತ್ತು ವರ್ಷಗಳಲ್ಲಿ ಎಂ.ಎ. ಮುಗಿಸಿದವರ ಪಟ್ಟಿಯನ್ನು ಸಿದ್ಧಪಡಿಸಿ, ಅವರು ಈಗ ಮಾಡುತ್ತಿರುವ ಕೆಲಸವನ್ನು ದಾಖಲಿಸಬೇಕು. ಹೆಸರುಗಳನ್ನು ಮರೆಮಾಡಿ ಸಾರಾಂಶವನ್ನು ಪ್ರವೇಶದ ಸಮಯದಲ್ಲಿ ಹೊಸಬರ ಮುಂದಿಡಬೇಕು. ಎರಡನೆಯದು, ಪ್ರತಿ ವಿದ್ಯಾರ್ಥಿಯೂ ಒಂದು ಕೆಲಸವನ್ನು ಆರಂಭದಿಂದ ಮುಕ್ತಾಯದವರೆಗೆ ಮಾಡಿರಬೇಕು. ಒಂದು ಶಾಸನದ ಓದು, ಒಂದು ಹಸ್ತಪ್ರತಿಯ ಪಾಠ, ಒಂದು ಕಸುಬಿನ ಪದಕೋಶ, ಒಂದು ಕಾನೂನಿನ ತಿಳಿಗನ್ನಡ ಅನುವಾದ, ಇವುಗಳಲ್ಲಿ ಯಾವುದಾದರೂ ಆಗಬಹುದು. ಅದಕ್ಕೆ ಹಳಗನ್ನಡವನ್ನು ಕಡಿಮೆ ಮಾಡಬೇಕಾಗಿಲ್ಲ, ಇನ್ನೂ ಚೆನ್ನಾಗಿ ಕಲಿಸಬೇಕಾಗುತ್ತದೆ. ಮೂರನೆಯದು, ಅನುವಾದಕಿಯನ್ನೂ ಕಚೇರಿಯ ಸಹಾಯಕನನ್ನೂ ಶಾಲೆಯ ಶಿಕ್ಷಕಿಯನ್ನೂ ನಮ್ಮ ವಿಚಾರಸಂಕಿರಣಗಳಿಗೆ ಕರೆಯಬೇಕು. ಅತಿಥಿಗಳಾಗಿ ಅಲ್ಲ, ವಿಷಯ ಮಂಡಿಸುವವರಾಗಿ. ಕನ್ನಡ ಇಂದು ಎಲ್ಲೆಲ್ಲಿ, ಹೇಗೆ ಬಳಕೆಯಾಗುತ್ತಿದೆ ಎಂಬುದು ನಮಗಿಂತ ಅವರಿಗೆ ಹೆಚ್ಚು ಗೊತ್ತು.

ಬೇಗೂರಿನಲ್ಲಿ ಆ ದಿನ ಶಾಸನದ ಮುಂದೆ ನಿಂತು ಅದನ್ನು ಓದಿ ಅರ್ಥ ಹೇಳಿದವನು ಆ ಅತಿಥಿ ಉಪನ್ಯಾಸಕ. ದೇವಸ್ಥಾನಕ್ಕೆ ಬಂದಿದ್ದ ಕೆಲವರು ನಿಂತು ಕೇಳಿದರು. ಅವರಲ್ಲೊಬ್ಬರು, ನೀವು ಯಾವ ಕಾಲೇಜಿನಲ್ಲಿದ್ದೀರಿ ಎಂದು ವಿಚಾರಿಸಿದರು. ಈ ಸೆಮಿಸ್ಟರಿನಲ್ಲಿ ಇಂಥಲ್ಲಿ ಇದ್ದೇನೆ ಎಂದು ಅವನು ಉತ್ತರಿಸಿದ. ಊರಿಗೆ ಮರಳಿದ ವಾರದಲ್ಲಿ ನಾನು ನಮ್ಮ ವಿಭಾಗದ ಪ್ರವೇಶ ದಾಖಲೆಗಳಿಂದ ಹತ್ತು ವರ್ಷಗಳ ಹೆಸರುಗಳನ್ನು ಬರೆದುಕೊಂಡೆ. ಹೆಸರುಗಳ ಎದುರಿಗಿನ ಅಂಕಣ ಇನ್ನೂ ಬಹುಪಾಲು ಖಾಲಿಯಿದೆ. ಅದನ್ನು ತುಂಬುವ ಕೆಲಸ ನಿಧಾನವಾಗಿ ಸಾಗುತ್ತಿದೆ. ಬೇರೆ ವಿಭಾಗಗಳ ಮಿತ್ರರೂ ತಮ್ಮ ತಮ್ಮ ಪಟ್ಟಿಗಳನ್ನು ಆರಂಭಿಸಿದರೆ ಈ ಚರ್ಚೆಯನ್ನು ಊಹೆಗಳ ಬದಲು ಸಂಗತಿಗಳ ಆಧಾರದ ಮೇಲೆ ಮುಂದುವರಿಸಲು ಸಾಧ್ಯವಾದೀತು.