ಒಡೆದ ಹರವಿ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಬೇಸಿಗೆ ರಜೆ ಕಳೆಯುತ್ತಿದ್ದೆ. ಒಂದು ಮಧ್ಯಾಹ್ನ ನಾನು ಹೊಡೆದ ಚಿಣ್ಣಿ ಹಾರಿ, ಪಕ್ಕದ ಮನೆಯ ಅಜ್ಜಿಯ ನೀರಿನ ಹರವಿಗೆ ಬಡಿಯಿತು. ಹರವಿ ಒಡೆದು ನೀರೆಲ್ಲ ಹರಿದುಹೋಯಿತು. ‘ನಾನಲ್ಲ’ ಎಂದುಬಿಟ್ಟೆ. ಬೈಗುಳ ನನ್ನ ಗೆಳೆಯನಿಗೆ ಬಿತ್ತು.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಳುತ್ತ ಹೋಗಿ ನಿಜ ಹೇಳಿದೆ. ಅಜ್ಜಿ ತಲೆ ನೇವರಿಸಿ, “ಹರವಿ ಹೋದ್ರ ಹೋಗ್ಲಿ, ಅಳಬ್ಯಾಡೋ ತಮ್ಮಾ” ಎಂದು ಕೈಗೆ ಬೆಲ್ಲ ಇಟ್ಟರು. ಅಂದಿನಿಂದ ರಜೆ ಮುಗಿಯುವವರೆಗೂ ದಿನಾ ಅವರಿಗೆ ನೀರು ತಂದುಕೊಟ್ಟೆ. ನನ್ನ ಗೋಲಿಗಳಲ್ಲಿ ಅರ್ಧದಷ್ಟನ್ನು ಗೆಳೆಯನಿಗೆ ಕೊಟ್ಟೆ. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ.

ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಬರುವ ಜಕ್ಕಾಯನ ಕಥೆ ನಿಮಗೆ ಗೊತ್ತು. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ಊರೆಲ್ಲ ಅವನನ್ನು ಪಾಪಿ ಎಂದು ದೂರವಿಟ್ಟಿತ್ತು. ಯೇಸುಸ್ವಾಮಿ ಮಾತ್ರ ಮರದ ಮೇಲಿದ್ದ ಅವನನ್ನು ಹೆಸರು ಹಿಡಿದು ಕರೆದು, ಅವನ ಮನೆಗೇ ಅತಿಥಿಯಾಗಿ ಹೋದರು. ಹಣದ ಮಾತೇ ಎತ್ತಲಿಲ್ಲ. ಆದರೂ ಜಕ್ಕಾಯ ತಾನಾಗಿ ಎದ್ದುನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಪಡೆದದ್ದನ್ನು 4 ಪಟ್ಟು ಹಿಂದಿರುಗಿಸುವುದಾಗಿಯೂ ಹೇಳಿದ.

ಅವನು ಕೊಟ್ಟದ್ದು ಕ್ಷಮೆಯ ಬೆಲೆಯಲ್ಲ. ಕ್ಷಮೆ ಮೊದಲು ಬಂತು. ಅದರಿಂದ ಮನಸ್ಸು ಹಗುರಾಯಿತು, ಕೈ ತಾನಾಗಿ ಬಿಚ್ಚಿಕೊಂಡಿತು. ದೇವರು ನಮ್ಮನ್ನು ಕ್ಷಮಿಸಿದಾಗ ಆಗುವುದೂ ಇದೇ.

ಇಂದಿಗೂ ಮನೆಯಲ್ಲಿ ಮಕ್ಕಳ ಕೈಯಿಂದ ಏನಾದರೂ ಬಿದ್ದು ಒಡೆದರೆ, ಬೈಯಲು ಬಾಯಿ ತೆರೆಯುವ ಮೊದಲೇ ನನಗೆ ಆ ಬೆಲ್ಲದ ರುಚಿ ನೆನಪಾಗುತ್ತದೆ.