ಮೈಮೇಲೆ ಬಂದದ್ದಲ್ಲ, ಅಭಿನಯಿಸಿದ್ದು

‘ಮೈಮೇಲೆ ಬಂದವರಂತೆ ನಟಿಸಿದ್ದಾರೆ.’ ದೆವ್ವದ ಸಿನಿಮಾದ ನಟಿಗೆ ನಾವು ಕೊಡುವ ಅತಿ ದೊಡ್ಡ ಮೆಚ್ಚುಗೆ ಇದು. ನನ್ನ ತಕರಾರು ಈ ಮೆಚ್ಚುಗೆಯ ಮೇಲೆಯೇ. ಮೈಮೇಲೆ ಬಂದದ್ದಾದರೆ ಅದರಲ್ಲಿ ಆಕೆಯ ಪಾಲೇನು? ಹೊಗಳುತ್ತಲೇ ಆಕೆಯ ದುಡಿಮೆಯನ್ನು ದೆವ್ವದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

1979ರ ‘ನಾ ನಿನ್ನ ಬಿಡಲಾರೆ’ ನೋಡಿ. ಅಲ್ಲಿ ದೆವ್ವ ಹಿಡಿಯುವುದು ಗಂಡಸಿಗೆ. ಅನಂತ್ ನಾಗ್ ಮಾಡಿದ್ದನ್ನು ಇವತ್ತಿಗೂ ಅಭಿನಯವೆಂದೇ ಕೊಂಡಾಡುತ್ತೇವೆ, ಕೊಂಡಾಡಬೇಕಾದದ್ದೇ. ಆದರೆ ಅವರನ್ನು ಹಿಡಿದ ಕಾಮಿನಿಯ ಪಾತ್ರ ಮಾಡಿದವರು ಯಾರು? ಕೆ. ವಿಜಯಾ. ಕಾಮಿನಿ ನೆನಪಿದ್ದಾಳೆ, ವಿಜಯಾ ಅವರ ಹೆಸರಿಗೆ ತಡವರಿಸುತ್ತೇವೆ.

‘ಆಪ್ತಮಿತ್ರ’ದ ವಿಷಯದಲ್ಲಿ ಇನ್ನೂ ಮುಂದೆ ಹೋದೆವು. ಸೌಂದರ್ಯ 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ವಿಮಾನ ಬಿದ್ದು ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ಆಮೇಲೆ ‘ನಾಗವಲ್ಲಿಯ ಶಾಪ’ ಎಂಬ ಗಾಳಿಮಾತು ಹಬ್ಬಿತು. ಅಭಿನಯ ಮಾತ್ರವಲ್ಲ, ಸಾವನ್ನೂ ದೆವ್ವಕ್ಕೆ ಕೊಟ್ಟೆವು. ತಮಾಷೆಯೆಂದರೆ, ಆ ಚಿತ್ರದ ವೈದ್ಯನೇ ಹೇಳುತ್ತಾನೆ: ನಾಗವಲ್ಲಿ ಗಂಗಾಳ ಮನಸ್ಸಿನ ಕಾಯಿಲೆ. ಅಂದಮೇಲೆ ಸಾಧು ಹೆಂಗಸೊಬ್ಬಳು ಕಣ್ಣೆದುರೇ ಮಂಚ ಎತ್ತಿ ನಿಲ್ಲುವಾಗ ನಮ್ಮನ್ನು ನಡುಗಿಸಿದ್ದು ಸೌಂದರ್ಯ ಅವರ ಭುಜ, ಕುತ್ತಿಗೆ, ಕಣ್ಣು.

ಇದು ನಮ್ಮದಷ್ಟೇ ರೋಗವಲ್ಲ. ಬ್ರಿಟಿಷ್ ನಟಿ ಬಾರ್ಬರಾ ಸ್ಟೀಲ್ 1960ರ ಇಟಾಲಿಯನ್ ಚಿತ್ರ ‘ಬ್ಲ್ಯಾಕ್ ಸಂಡೇ’ಯಲ್ಲಿ ಮಾಟಗಾತಿಯೂ ಹೌದು, ಅವಳಿಗೆ ಬಲಿಯಾಗಬೇಕಾದ ಹುಡುಗಿಯೂ ಹೌದು. ಒಂದೇ ಮುಖದಲ್ಲಿ ಎರಡು ಜೀವ ಬೇರ್ಪಡಿಸಿ ತೋರಿಸಿದರು. 1963ರಲ್ಲಿ ಫೆಲಿನಿಯ ‘ಎಂಟೂವರೆ’ಯಲ್ಲೂ ನಟಿಸಿದರು. ಆದರೂ ಅಂಟಿಕೊಂಡದ್ದು ‘ಹಾರರ್ ರಾಣಿ’ ಎಂಬ ಬಿರುದು. ಬಿರುದು ಕೊಟ್ಟವರು ಆಕೆಯನ್ನು ಅದರೊಳಗೇ ಕೂಡಿಹಾಕಿದರು.

ತುಮಕೂರು ಸೀಮೆಯವರಾದ ನಮಗಾದರೂ ಈ ವ್ಯತ್ಯಾಸ ತಿಳಿದಿರಬೇಕಿತ್ತು. ಗುಬ್ಬಿ ಕಂಪನಿ ನಿಂತದ್ದು ತಾಲೀಮಿನ ಮೇಲೆ; ಬಿ. ಜಯಮ್ಮನವರಂಥ ನಟಿ ರೂಪುಗೊಂಡದ್ದೂ ಅಲ್ಲೇ. ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವ ಗಂಡಸರು ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿಯುತ್ತಾರೆ. ದ್ರೌಪದಿಯಾಗುವ ನಟಿ ಹೊರಗಿನಿಂದ ಬರುವುದು ಬಹುಮಟ್ಟಿಗೆ ನಾಟಕದ ದಿನವೇ. ದುರ್ಯೋಧನ ಮಾತು ಮರೆತರೆ ಸಾವರಿಸಿಕೊಂಡು ಹೋಗುವವರು ಆಕೆ. ಬೆಳಿಗ್ಗೆ ಊರು ಮಾತಾಡುವುದು ದುರ್ಯೋಧನನ ಬಗ್ಗೆ.

‘ದೆವ್ವದ ಸಿನಿಮಾಗೆ ಇಷ್ಟೆಲ್ಲ ಯಾಕೆ?’ ಎಂದು ಸಂಶೋಧಕರೇ ಮೂಗು ಮುರಿಯುತ್ತಾರೆ. ಬೇಕು. ದೆವ್ವವಾದಾಗ ಮಾತ್ರ ನಮ್ಮ ಸಿನಿಮಾದ ಹೆಂಗಸಿಗೆ ಕಿರುಚಲು, ಸಿಟ್ಟಾಗಲು, ಗಂಡನ ಮಾತು ಮೀರಲು ಅಪ್ಪಣೆ ಸಿಕ್ಕಿದೆ. ಆ ಅಪ್ಪಣೆಯನ್ನು ನಟಿಯರು ಹೇಗೆ ಬಳಸಿಕೊಂಡರು ಎಂದು ದೃಶ್ಯ ದೃಶ್ಯವಾಗಿ ಬರೆಯೋಣ. ಇನ್ನುಮುಂದೆ ಯಾರಾದರೂ ‘ಮೈಮೇಲೆ ಬಂದಂತೆ’ ಎಂದು ಬರೆದರೆ ಸಂಪಾದಕರು ಆ ಸಾಲು ಹೊಡೆದುಹಾಕಿ, ‘ಏನು ಮಾಡಿದರು, ಹೇಳಿ’ ಎಂದು ವಾಪಸ್ ಕಳಿಸಲಿ.